ಸೂರಿನಡಿಯ ಮೈದಾನ

ಮಳೆ ಬಂದರೆ ಆಟ ನಿಲ್ಲುವುದು ಎಲ್ಲ ಊರುಗಳ ಅನುಭವ. ಅಮೆರಿಕದ ಹ್ಯೂಸ್ಟನ್ ನಗರದಲ್ಲಂತೂ ಮಳೆಯೊಡನೆ ಸುಡುಬಿಸಿಲು, ಸೊಳ್ಳೆಗಳ ಕಾಟ ಬೇರೆ. ಇದಕ್ಕೆ ಅಲ್ಲಿಯವರು ಕಂಡುಕೊಂಡ ಪರಿಹಾರ, ಇಡೀ ಮೈದಾನಕ್ಕೇ ಸೂರು ಹೊದಿಸುವುದು! 1965ರಲ್ಲಿ ತೆರೆದ ‘ಆಸ್ಟ್ರೋಡೋಮ್’ ಹೀಗೆ ಹುಟ್ಟಿತು.

ಸುಮಾರು 640 ಅಡಿ ಅಗಲದ ಉಕ್ಕಿನ ಗುಮ್ಮಟ. ನಡುವೆ ಒಂದು ಕಂಬವೂ ಇಲ್ಲ. ಹುಲ್ಲಿಗೆ ಬಿಸಿಲು ಬೇಕೆಂದು ಛಾವಣಿಗೆ ನಾಲ್ಕು ಸಾವಿರಕ್ಕೂ ಮಿಕ್ಕಿದ ಪಾರದರ್ಶಕ ಫಲಕಗಳನ್ನು ಜೋಡಿಸಿದರು. ಆದರೆ ಆ ಪ್ರಖರ ಬೆಳಕಿನಲ್ಲಿ ಮೇಲೇರಿದ ಚೆಂಡು ಬೇಸ್‌ಬಾಲ್ ಆಟಗಾರರ ಕಣ್ಣಿಗೇ ಬೀಳದಾಯಿತು. ಫಲಕಗಳಿಗೆ ಬಣ್ಣ ಬಳಿದರು. ಚೆಂಡು ಕಂಡಿತು, ಹುಲ್ಲು ಸತ್ತಿತು! 1966ರಲ್ಲಿ ಕೃತಕ ಹುಲ್ಲನ್ನೇ ಹಾಸಬೇಕಾಯಿತು.

ಆಸನಗಳ ಸಾಲನ್ನೇ ಸರಿಸುವ ಏರ್ಪಾಡಿನಿಂದ ಒಂದೇ ಅಂಗಣ ಹಲವು ಆಟಗಳಿಗೆ ಒದಗಿತು. 1968ರಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕೆ 52,693 ಜನ ನೆರೆದರು. ಆದರೆ ಅದರ ಅತ್ಯಂತ ಸಾರ್ಥಕ ಬಳಕೆ ಆಟವಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತಕ್ಕೆ ಮನೆಮಠ ಕಳೆದುಕೊಂಡ ಸಾವಿರಾರು ಮಂದಿ ಇದೇ ಸೂರಿನಡಿ ತಲೆಯೂರಿದರು.

ಅಷ್ಟರಲ್ಲಾಗಲೇ ತಂಡಗಳು ಬೇರೆಡೆಗೆ ತೆರಳಿದ್ದವು. 2013ರಲ್ಲಿ ಜೀರ್ಣೋದ್ಧಾರಕ್ಕೆ ಸಾಲವೆತ್ತುವ ಸಲಹೆಯನ್ನು ಮತದಾರರು ತಿರಸ್ಕರಿಸಿದರು. ಮರುವರ್ಷವೇ ಅದು ರಾಷ್ಟ್ರದ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಊರಿಗೆಲ್ಲ ನೆರಳಾದ ಸೂರನ್ನು ಕೆಡಹಲು ಮನಸ್ಸು ಬಾರದು. ಉಳಿಸಲು ಕೈ ಬಿಚ್ಚುವವರು ಯಾರು?