ಕುದುರೆಯೇರಿ ಬಂದ ಓಲೆ

ಪರದೇಶಕ್ಕೆ ಹೋಗಿ ಬಂದವರನ್ನು "ಅಲ್ಲಿ ಏನೇನು ನೋಡಿದಿರಿ?" ಎಂದು ಕೇಳುವುದು ನಮ್ಮವರ ವಾಡಿಕೆ. ಅಮೆರಿಕದ ಕಾನ್ಸಾಸ್ ಸಿಟಿಯಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳಿದ್ದು ಹಿಂದಿರುಗಿದ ನಮ್ಮನ್ನೂ ಮಿತ್ರರು ಹೀಗೆಯೇ ಕೇಳಿದರು. "ಒಂದು ಕುದುರೆಲಾಯವನ್ನು ನೋಡಿದೆವು" ಎಂದು ನಾವು ಹೇಳಲು ಅವರು ನಕ್ಕುಬಿಟ್ಟರು. ನಾವಾದರೋ ಹಾಸ್ಯಕ್ಕಾಗಿ ಆ ಮಾತನ್ನಾಡಿರಲಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಹಳೆಯ ಕಾಗದಗಳ ಕಟ್ಟೊಂದನ್ನು ಇಟ್ಟುಕೊಂಡಿರುವ ವಾಚಕರು ಆ ಲಾಯದ ವೃತ್ತಾಂತವನ್ನು ಕೇಳಿದರೆ ನಗಲಾರರೆಂದು ನಂಬಿ ಇದನ್ನು ಬರೆಯುತ್ತಿದ್ದೇವೆ.

ಒಂದು ಶನಿವಾರ ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ ಇವರೊಡನೆ ನಾವು ದಂಪತಿಗಳು ಕಾರಿನಲ್ಲಿ ಹೊರಟು, ಮೊದಲು ಮಿಸೂರಿ ನದಿಯ ದಡದಲ್ಲಿರುವ ಸೇಂಟ್ ಜೋಸೆಫ್ ಎಂಬ ಊರನ್ನು ಸೇರಿದೆವು. ೧೮೬೦ರಲ್ಲಿ ಪೂರ್ವದಿಂದ ಬಂದ ರೈಲುದಾರಿ ಈ ಊರಿನಲ್ಲಿಯೇ ಮುಗಿದುಹೋಗುತ್ತಿದ್ದಿತು. ನದಿಯ ಆಚೆಗೆ ಕಣ್ಣು ಹರಿಯುವಷ್ಟೂ ಹುಲ್ಲುಗಾವಲು, ಬಳಿಕ ಪರ್ವತಗಳು, ಅನಂತರ ಮರುಭೂಮಿ. ಇವೆಲ್ಲವನ್ನೂ ದಾಟಿದ ಮೇಲೆ, ೧,೯೦೦ ಮೈಲಿಗೂ ಮಿಗಿಲಾದ ದೂರದಲ್ಲಿ, ಕ್ಯಾಲಿಫೋರ್ನಿಯದ ಸ್ಯಾಕ್ರಮೆಂಟೊ ನಗರ. ೧೮೪೮ರಲ್ಲಿ ಅಲ್ಲಿ ಚಿನ್ನ ದೊರೆಯಿತೆಂಬ ಸುದ್ದಿ ಹಬ್ಬಿ ಲಕ್ಷಾಂತರ ಜನ ಮನೆಮಾರುಗಳನ್ನು ಬಿಟ್ಟು ಪಶ್ಚಿಮಕ್ಕೆ ಹೋಗಿದ್ದರು. ಅವರಿಗೆ ಊರಿನ ಕಾಗದ ತಲಪಬೇಕಾದರೆ ಒಂದೋ ಪನಾಮದ ಮೇಲೆ ಹಡಗಿನಲ್ಲಿ ಹೋಗಬೇಕು, ಇಲ್ಲವೆ ದಕ್ಷಿಣದ ಬಳಸುದಾರಿಯಲ್ಲಿ ಸಾರೋಟಿನಲ್ಲಿ ಹೋಗಬೇಕು. ಹೇಗೆ ಹೋದರೂ ಮೂರು ನಾಲ್ಕು ವಾರಗಳು ಹಿಡಿಯುತ್ತಿದ್ದುವು.

ರಸೆಲ್, ಮೇಜರ್ಸ್, ವಾಡೆಲ್ ಎಂಬ ಮೂವರು ಸಾಗಾಣಿಕೆಯ ವರ್ತಕರು ಸೇರಿ ಈ ಅವಧಿಯನ್ನು ಹತ್ತು ದಿನಕ್ಕೆ ಇಳಿಸುವೆವೆಂದು ಪಣತೊಟ್ಟರು. ೧೮೬೦ನೆಯ ಏಪ್ರಿಲ್ ೩ರ ಸಂಜೆ ಸೇಂಟ್ ಜೋಸೆಫಿನಿಂದ ಮೊದಲನೆಯ ಸವಾರ ಹೊರಟನು. ಇದಕ್ಕೆ ಪೋನಿ ಎಕ್ಸ್‌ಪ್ರೆಸ್ ಎಂದು ಹೆಸರು.

ನಾವು ಅದೇ ದಿಕ್ಕನ್ನು ಹಿಡಿದು, ಸುಮಾರು ಎರಡು ಗಂಟೆಗಳ ಪ್ರಯಾಣದಲ್ಲಿ ಮೇರಿಸ್‌ವಿಲ್ ಎಂಬ ಸಣ್ಣ ಊರನ್ನು ಮುಟ್ಟಿದೆವು. ಬಿಗ್ ಬ್ಲೂ ನದಿಯಲ್ಲಿ ವಲಸೆಗಾರರನ್ನು ದಾಟಿಸುತ್ತಿದ್ದ ಮಾರ್ಷಲ್ ಎಂಬವನು ತನ್ನ ಹೆಂಡತಿಯಾದ ಮೇರಿಯ ಹೆಸರನ್ನು ಈ ಊರಿಗಿಟ್ಟನಂತೆ. ಇದನ್ನು ಕೇಳಿ ನಮ್ಮ ಮನೆಯವರು ನಮ್ಮ ಮುಖವನ್ನೊಮ್ಮೆ ನೋಡಿದರು. ನಮ್ಮ ಹೆಸರಿನಲ್ಲಿ ಒಂದು ನಿವೇಶನವಲ್ಲದೆ ಊರಿಲ್ಲದ್ದರಿಂದ ನಾವು ಸುಮ್ಮನಿದ್ದೆವು. ಊರಿನ ಮರಗಳಲ್ಲಿ ಓಡಾಡುವ ಕರಿಯ ಅಳಿಲುಗಳು ಇಲ್ಲಿಯ ವಿಶೇಷ. ಮೊಮ್ಮಗನಿಗೆ ಮೊದಲು ಅವೇ ವಸ್ತುಸಂಗ್ರಹವಾದುವು.

ಲಾಯವು ಕಲ್ಲಿನ ಕಟ್ಟಡ. ೧೮೫೯ರಲ್ಲಿ ಜೋಸೆಫ್ ಕಾಟ್ರೆಲ್ ಎಂಬವನು ಕಟ್ಟಿಸಿದ್ದು. ಮರುವರ್ಷ ಮೇಲೆ ಹೇಳಿದ ವರ್ತಕರು ಅದನ್ನು ಬಾಡಿಗೆಗೆ ಹಿಡಿದರು. ದಾರಿಯ ಠಾಣ್ಯಗಳಲ್ಲಿ ಎರಡು ಬಗೆ: ಹತ್ತು ಹದಿನೈದು ಮೈಲಿಗೊಂದರಂತೆ ಕುದುರೆಯನ್ನು ಮಾತ್ರ ಬದಲಾಯಿಸುವ ಠಾಣ್ಯ, ದೂರ ದೂರಕ್ಕೆ ಒಂದರಂತೆ ಸವಾರನೇ ಬದಲಾಗಿ ಉಂಡು ಮಲಗುವ ಠಾಣ್ಯ. ಮೇರಿಸ್‌ವಿಲ್ ಎರಡನೆಯ ಬಗೆಗೆ ಸೇರಿದುದು.

ಒಳಗೆ ಜೀನು, ಲಾಳ, ಲಗಾಮುಗಳ ನಡುವೆ ಒಂದು ಚರ್ಮದ ಹೊದಿಕೆಯ ಮಾದರಿಯನ್ನು ನೋಡಿದೆವು. ಇದಕ್ಕೆ ಮೋಚಿಲ ಎಂದು ಹೆಸರು. ಜೀನಿನ ಮೇಲೆ ಹಾಸುವ ಈ ಹೊದಿಕೆಗೆ ನಾಲ್ಕು ಮೂಲೆಗಳಲ್ಲಿ ನಾಲ್ಕು ಚೀಲಗಳು. ಮೂರಕ್ಕೆ ಬೀಗ, ನಾಲ್ಕನೆಯದರಲ್ಲಿ ದಾರಿಯ ಕಾಗದಗಳು ಮತ್ತು ವೇಳೆಯನ್ನು ಗುರುತುಹಾಕುವ ಪಟ್ಟಿ. ಕಾಗದಗಳನ್ನು ನೀರು ತಾಗದಂತೆ ಎಣ್ಣೆ ಸವರಿದ ರೇಷ್ಮೆಯಲ್ಲಿ ಸುತ್ತುತ್ತಿದ್ದರು. ಸವಾರ ಅದರ ಮೇಲೆಯೇ ಕೂರುವುದರಿಂದ ಅದು ಜಾರುವ ಭಯವಿಲ್ಲ. ಕುದುರೆಯನ್ನು ಬದಲಾಯಿಸುವಾಗ ಅದನ್ನು ಎತ್ತಿ ಹೊಸ ಕುದುರೆಯ ಬೆನ್ನಿಗೆ ಹಾಕಿದರೆ ತೀರಿತು. ಇದಕ್ಕೆ ಕೊಟ್ಟಿದ್ದ ಕಾಲ ಎರಡು ನಿಮಿಷ. ಹೀಗೆ ಕುದುರೆ ದಣಿಯಬಹುದು, ಸವಾರ ಮಲಗಬಹುದು. ಓಲೆ ಮಾತ್ರ ಹಗಲಿರುಳು ನಿಲ್ಲದೆ ನಡೆಯುತ್ತಿದ್ದಿತು. ಅಬ್ರಹಾಂ ಲಿಂಕನ್ ಅಧ್ಯಕ್ಷಪದವಿಯನ್ನು ವಹಿಸಿ ೧೮೬೧ನೆಯ ಮಾರ್ಚಿಯಲ್ಲಿ ಮಾಡಿದ ಭಾಷಣವನ್ನು ೭ ದಿನ ೧೭ ಗಂಟೆಗಳಲ್ಲಿ ಮುಟ್ಟಿಸಿದುದು ಇವರ ಅತಿಶಯವಾದ ಸಾಹಸ.

ಅಶ್ವಶಬ್ದಕ್ಕೆ ನಿರುಕ್ತಕಾರರು ಎರಡು ವ್ಯುತ್ಪತ್ತಿಗಳನ್ನು ಹೇಳಿರುವರು: ಹಾದಿಯನ್ನು ವ್ಯಾಪಿಸುವುದರಿಂದ ಅಶ್ವ, ಬಹಳವಾಗಿ ತಿನ್ನುವುದರಿಂದಲೂ ಅಶ್ವ. ಪಾಠ ಹೇಳುತ್ತಿದ್ದ ಕಾಲದಲ್ಲಿ ಎರಡನೆಯದು ಹುಡುಗರನ್ನು ನಗಿಸಲು ನಮಗೆ ಒದಗುತ್ತಿದ್ದಿತು. ಈ ಲಾಯದಲ್ಲಿ ನಿಂತಾಗ ಎರಡೂ ಸತ್ಯವೆಂದು ತೋರಿತು. ನೂರಾರು ಕುದುರೆಗಳಿಗೆ ಬೇಕಾದ ಧಾನ್ಯವನ್ನು ಏನೂ ಬೆಳೆಯದ ಮರುಭೂಮಿಯ ಠಾಣ್ಯಗಳಿಗೂ ಗಾಡಿಗಳಲ್ಲಿ ಸಾಗಿಸಬೇಕಾಗಿದ್ದಿತು. ಹಾದಿಯನ್ನು ವ್ಯಾಪಿಸಿದ ಕುದುರೆಗಳು ಒಡೆಯರ ಬೊಕ್ಕಸವನ್ನೂ ತಿಂದುವು.

ನಾವು ಅಲ್ಲಿಗೆ ಹೋಗುವಾಗ ಮನಸ್ಸಿನಲ್ಲಿ ಒಂದು ಚಿತ್ರವನ್ನು ಬರೆದುಕೊಂಡಿದ್ದೆವು. ಚಿನ್ನದ ಗಣಿಗೆ ಹೋದ ಮಗನಿಗೆ ತಾಯಿ ಬರೆದ ಕಾಗದವನ್ನು ಎದೆಗೊತ್ತಿಕೊಂಡು ಹಾರುವ ಸವಾರನ ಚಿತ್ರವದು. ಮೋಡವನ್ನೂ ಹಂಸವನ್ನೂ ದೂತರನ್ನಾಗಿ ಕಳುಹಿಸಿದ ಕವಿಗಳನ್ನು ಓದಿ ಬೆಳೆದವರಿಗೆ ಹೀಗೆ ತೋರುವುದು ಸಹಜ. ಆದರೆ ಅಲ್ಲಿ ಬರೆದಿದ್ದ ದರವನ್ನು ನೋಡಿ ಆ ಚಿತ್ರ ಅಳಿಸಿಹೋಯಿತು. ಅರ್ಧ ಔನ್ಸು ತೂಕಕ್ಕೆ ಮೊದಮೊದಲು ೫ ಡಾಲರು! ಕೂಲಿಯವನಿಗೆ ದಿನಕ್ಕೆ ಒಂದು ಡಾಲರು ದೊರೆತರೆ ಹೆಚ್ಚೆನ್ನುವ ಕಾಲವದು. ದರವನ್ನು ಕಡೆಯಲ್ಲಿ ೧ ಡಾಲರಿಗೆ ಇಳಿಸಿದರೂ ಈ ಕುದುರೆಗಳು ಹೊತ್ತುದು ಬಹುಮಟ್ಟಿಗೆ ವರ್ತಕರ, ಸರ್ಕಾರದ, ಪತ್ರಿಕೆಗಳವರ ಕಾಗದಗಳನ್ನು. ತಾಯಂದಿರ ಕಾಗದಗಳು ಹಡಗಿನಲ್ಲಿಯೂ ಸಾರೋಟಿನಲ್ಲಿಯೂ ನಿಧಾನವಾಗಿಯೇ ಹೋದುವು.

ಇನ್ನೊಂದನ್ನೂ ಮರೆಯತಕ್ಕದ್ದಲ್ಲ. ಈ ಹಾದಿ ಹಾದುಹೋದುದು ಬರಿಯ ಬಯಲಿನಲ್ಲಲ್ಲ, ಮೂಲನಿವಾಸಿಗಳ ನೆಲದಲ್ಲಿ. ಇಂದಿನ ನೆವಾಡ ಸೀಮೆಯ ಪಾಯೂಟ್ ಜನ ತಮ್ಮ ಬೇಟೆಯ ನೆಲ, ಹುಲ್ಲು, ಆಹಾರ ಕೊಡುವ ಮರಗಳು ವಲಸೆಗಾರರ ಪಾಲಾಗುವುದನ್ನು ನೋಡುತ್ತಿದ್ದರು. ೧೮೬೦ನೆಯ ಮೇ ತಿಂಗಳಲ್ಲಿ ಅಲ್ಲಿ ಯುದ್ಧ ಹತ್ತಿಕೊಂಡು ಎರಡು ಪಕ್ಷಗಳಲ್ಲಿಯೂ ಜನ ಸತ್ತರು, ಠಾಣ್ಯಗಳು ಸುಟ್ಟುವು, ಟಪಾಲು ಕೆಲವು ವಾರ ನಿಂತಿತು.

೧೮೬೧ರ ಬೇಸಿಗೆಯಲ್ಲಿ ಎರಡು ಕಡೆಗಳಿಂದಲೂ ತಂತಿಯ ಕಂಬಗಳನ್ನು ನೆಡುತ್ತ ಬಂದರು. ತನ್ನ ಕೆಲಸವನ್ನು ಕಸಿಯುವ ಕಂಬಗಳ ಪಕ್ಕದಲ್ಲಿಯೇ ಸವಾರ ದಿನದಿನವೂ ಕುದುರೆಯನ್ನು ಓಡಿಸಿದನು. ಅಕ್ಟೋಬರ್ ೨೪ರಂದು ಸಾಲ್ಟ್ ಲೇಕ್ ನಗರದಲ್ಲಿ ತಂತಿಗಳು ಕೂಡಿದುವು. ಎರಡೇ ದಿನದಲ್ಲಿ ಪೋನಿ ಎಕ್ಸ್‌ಪ್ರೆಸ್ ಮುಗಿಯಿತೆಂದು ಪ್ರಕಟಣೆ ಹೊರಟಿತು.

"ತಾತ, ಒಂದೂವರೆ ವರ್ಷಕ್ಕೆ ನಷ್ಟವಾಗಿ ಮುಚ್ಚಿಹೋದ ಅಂಗಡಿಗೆ ಇಷ್ಟೊಂದು ಮರ್ಯಾದೆ ಏಕೆ?" ಎಂದು ಮೊಮ್ಮಗ ಕೇಳಿದನು. ಮೂವತ್ತು ವರ್ಷ ಉಪಾಧ್ಯಾಯರಾಗಿದ್ದರೂ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಕುದುರೆಯನ್ನು ಗೆದ್ದ ತಂತಿಯಾದರೂ ಉಳಿಯಿತೇ? ನಮ್ಮ ದೇಶದಲ್ಲಿ ೨೦೧೩ನೆಯ ಜುಲೈ ತಿಂಗಳಲ್ಲಿ ಅದೂ ನಿಂತುಹೋಯಿತು. ನಮ್ಮ ಮನೆಗೆ ತಂತಿ ಬಂದುದು ಒಂದೇ ಬಾರಿ, ೧೯೯೧ರಲ್ಲಿ. "ತಂದೆಯವರು ತೀರಿಕೊಂಡರು, ಕೂಡಲೆ ಹೊರಟು ಬಾ" ಎಂದು. ಅದು ಬೇಗನೆ ಬಂದುದರಿಂದಲೇ ನಾವು ಅಂತ್ಯಸಂಸ್ಕಾರಕ್ಕೆ ಮುಟ್ಟಿದೆವು. ಆ ಉಪಕಾರವನ್ನು ಮರೆಯಲಾರೆವು. ಕರ್ಮಗಳನ್ನು ಮುಗಿಸಿಕೊಂಡು ಹಿಂದಿರುಗಿ ಬೀಗ ತೆಗೆದರೆ, ಬಾಗಿಲಿನ ಸಂದಿನಿಂದ ಒಳಕ್ಕೆ ಬಿದ್ದಿದ್ದ ಒಂದು ಕಾರ್ಡು. ತಂದೆಯವರು ತೀರಿಕೊಳ್ಳುವ ಹಿಂದಿನ ದಿನ ತಮ್ಮ ಕೈಯಾರ ಬರೆದುದು. ಉಭಯಕುಶಲೋಪರಿಯ ಕೆಳಗೆ ಎರಡೇ ವಾಕ್ಯಗಳು: ಹುಣಿಸೆ ಈ ವರ್ಷ ಚೆನ್ನಾಗಿ ಹಿಡಿದಿದೆ, ಯುಗಾದಿಗೆ ಬರುವಾಗ ಖಾಲಿ ಚೀಲ ತೆಗೆದುಕೊಂಡು ಬಾ. ತಂತಿಯ ಹಾಳೆ ಎಲ್ಲಿ ಹೋಯಿತೋ ತಿಳಿಯದು. ಕಾರ್ಡು ಇಂದಿಗೂ ನಮ್ಮ ಅಮರಕೋಶದ ಪ್ರತಿಯೊಳಗಿದೆ.

ಲಾಯದ ಹೊರಗಿನ ಬಿಸಿಲಿನಲ್ಲಿ ಕುಳಿತು ಈ ಕಥೆಯನ್ನೇ ಮೊಮ್ಮಗನಿಗೆ ಉತ್ತರವಾಗಿ ಹೇಳಿದೆವು. ಸುದ್ದಿಯನ್ನು ಹೊರುವವರು ಕಾಲಕಾಲಕ್ಕೆ ಬದಲಾಗುತ್ತಾರೆ. ಕುದುರೆಗಿಂತ ತಂತಿ ಬೇಗ, ತಂತಿಗಿಂತ ನಿನ್ನ ಕೈಯಲ್ಲಿರುವ ಫೋನು ಬೇಗ. ಆದರೆ ಒಬ್ಬರು ಕೈಯಾರ ಬರೆದುದನ್ನು ಇನ್ನೊಬ್ಬರ ಕೈಗೆ ಕೆಡದಂತೆ ಸೇರಿಸಲು ಬಿಸಿಲು ಮಳೆಯೆನ್ನದೆ ಓಡಿದವರನ್ನು ಜನ ಸುಲಭವಾಗಿ ಮರೆಯಲಾರರು ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚೀಲ ತೆಗೆದುಕೊಂಡು ಹೋದಿರಾ ತಾತ?" ಎಂದನು. ಹೋಗಿದ್ದೆವು. ಆ ಯುಗಾದಿಗೆ ಹಬ್ಬವಿರಲಿಲ್ಲ. ಹುಣಿಸೆಯನ್ನು ಮಾತ್ರ ತುಂಬಿಕೊಂಡು ಬಂದೆವು.

ಅಲ್ಲಿಯೇ ಲಾಯದ ಚಿತ್ರವಿರುವ ಒಂದು ಕಾರ್ಡನ್ನು ಕೊಂಡು, ಊರಿನಲ್ಲಿರುವ ತಂಗಿಗೆ ನಾಲ್ಕು ಸಾಲು ಬರೆದೆವು. ನಾವು ಬಂದು ಹನ್ನೊಂದು ದಿನಗಳಾದ ಮೇಲೆ ಅದು ಬಂದಿತಂತೆ. "ನೀವು ಎದುರಿಗೇ ಕುಳಿತಿದ್ದರೂ ಎರಡು ಸಲ ಓದಿದೆ ಅಣ್ಣ" ಎಂದಳು. ವಾಚಕ ಮಹಾಶಯರು ಈ ಸಂಚಿಕೆಯನ್ನು ಮಡಿಸಿಟ್ಟ ಮೇಲೆ ಯಾರಾದರೊಬ್ಬರಿಗೆ ಒಂದು ಕಾಗದ ಬರೆದರೆ ನಮ್ಮ ಪ್ರಯಾಣ ಸಾರ್ಥಕವಾಯಿತೆಂದು ಭಾವಿಸುವೆವು.