ಎರಡು ಔಷಧ, ಒಂದು ಪ್ರಶ್ನೆ

ಒಬ್ಬ ರೋಗಿಗೆ ಹಲವು ಔಷಧಗಳುಂಟು. ಒಂದು ಔಷಧವನ್ನು ಹಲವು ರೋಗಿಗಳು ಸೇವಿಸುವುದೂ ಉಂಟು. 1970ರಲ್ಲಿ ಎಡ್ಗರ್ ಕಾಡ್ ಮಂಡಿಸಿದ ಸಂಬಂಧಾತ್ಮಕ ಮಾದರಿಯಂತೆ ಕಟ್ಟಿದ ದತ್ತಸಂಚಯದಲ್ಲಿ ರೋಗಿಗಳಿಗೂ ಔಷಧಗಳಿಗೂ ಒಂದೊಂದು ಕೋಷ್ಟಕವಿದ್ದು, ಅವೆರಡನ್ನು ಬೆಸೆಯಲು ಮೂರನೆಯದೊಂದಿರುತ್ತದೆ. ಇದರ ಪ್ರತಿಯೊಂದು ಸಾಲಿನಲ್ಲಿಯೂ ಒಬ್ಬ ರೋಗಿ, ಒಂದೇ ಔಷಧ.

ವಾರ್ಫರಿನ್ ಸೇವಿಸುವವರು ಆಸ್ಪಿರಿನ್ನನ್ನೂ ಸೇವಿಸಿದರೆ ರಕ್ತಸ್ರಾವದ ಭಯ ಹೆಚ್ಚು. ಅಂಥವರು ಯಾರು? 'ಔಷಧವು ವಾರ್ಫರಿನ್ ಆಗಿರಬೇಕು, ಆಸ್ಪಿರಿನ್ನೂ ಆಗಿರಬೇಕು' ಎಂದು ಕೇಳಿದರೆ, ಯಾರೂ ಇಲ್ಲವೆಂದು ಗಣಕಯಂತ್ರವು ನಿಶ್ಚಿಂತೆಯಿಂದ ಹೇಳಿಬಿಡುತ್ತದೆ! ಅದು ಪರೀಕ್ಷಿಸುವುದು ಒಂದೊಂದೇ ಸಾಲನ್ನು. ಒಂದು ಸಾಲಿನಲ್ಲಿ ಎರಡು ಔಷಧಗಳಿರಲಾರವು. 'ಅಥವಾ' ಎಂದು ಕೇಳಿದರೆ ಒಂದನ್ನೇ ಸೇವಿಸುವವರೂ ಬಂದು ಸೇರುವರು. ಆದುದರಿಂದ ಹಾಗೆ ಆಯ್ದ ಸಾಲುಗಳನ್ನು ರೋಗಿವಾರು ಗುಂಪುಗೂಡಿಸಿ, ಎರಡು ಭಿನ್ನ ಔಷಧಗಳಿರುವ ಗುಂಪುಗಳನ್ನು ಮಾತ್ರ ಉಳಿಸಿಕೊಳ್ಳಬೇಕು. 'ಭಿನ್ನ' ಎಂಬುದನ್ನು ಮರೆಯಲಾಗದು: ಆಸ್ಪಿರಿನ್ ಎರಡು ಸಾಲುಗಳಲ್ಲಿದ್ದರೂ ಔಷಧ ಒಂದೇ.