ಒಂದು ಲೀಟರ್ ಬಣ್ಣ ಎಷ್ಟು ಗೋಡೆಗೆ?

ಮನೆಗೆ ಬಣ್ಣ ಹೊಡೆಸುವಾಗ ಯಾವ ಬಣ್ಣ ಎಂಬುದಕ್ಕೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಎಷ್ಟು ಬಣ್ಣ ಎಂಬುದು ಮಾತ್ರ ಒಂದು ನಿಮಿಷದ ಅಂದಾಜಿನಲ್ಲಿ ಮುಗಿದುಹೋಗುತ್ತದೆ. ಅಂದಾಜು ಹೆಚ್ಚಾದರೆ ಅರ್ಧ ಬಕೆಟ್ ಅಟ್ಟ ಸೇರಿ ಗಟ್ಟಿಯಾಗಿ ಹಾಳಾಗುತ್ತದೆ. ಕಡಿಮೆಯಾದರೆ, ಉಳಿದದ್ದಕ್ಕೇ ನೀರು ಬೆರೆಸಿ ಹೇಗೋ ಮುಗಿಸೋಣ ಎನ್ನಿಸುತ್ತದೆ. ಅರ್ಧ ಗಂಟೆಯ ಅಳತೆ ಈ ಎರಡು ನಷ್ಟವನ್ನೂ ತಪ್ಪಿಸುತ್ತದೆ.

ಮೊದಲು ಗೋಡೆಯ ಲೆಕ್ಕ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ ಇದೆ ಎಂದುಕೊಳ್ಳಿ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ. ಅದನ್ನು ಎತ್ತರದಿಂದ ಗುಣಿಸಿದರೆ 440 ಚದರ ಅಡಿ. 7 ಅಡಿ ಎತ್ತರ, 3 ಅಡಿ ಅಗಲದ ಬಾಗಿಲು 21 ಚದರ ಅಡಿ. 5 ಅಡಿಗೆ 4 ಅಡಿಯ ಎರಡು ಕಿಟಕಿ 40 ಚದರ ಅಡಿ. ಇವನ್ನು ಕಳೆದರೆ ಉಳಿಯುವುದು 379. ಎರಡು ಕೋಟ್‌ಗೆ 758. ತಾರಸಿಯ ಒಳಭಾಗ 120 ಚದರ ಅಡಿ. ಅಲ್ಲಿಗೆ ಸಾಮಾನ್ಯವಾಗಿ ಬಿಳಿ ಬಣ್ಣವಾದ್ದರಿಂದ ಅದರ ಲೆಕ್ಕ ಬೇರೆಯೇ ಇರಲಿ.

ಕಾರ್ಪೆಟ್ ಏರಿಯಾವನ್ನು ಮೂರೂವರೆಯಿಂದ ಗುಣಿಸಿದರೆ ಗೋಡೆ, ತಾರಸಿ ಎರಡೂ ಸೇರಿದ ವಿಸ್ತೀರ್ಣ ಸಿಗುತ್ತದೆ ಎಂಬ ಸುಲಭ ಸೂತ್ರ ಬಳಕೆಯಲ್ಲಿದೆ. ಇಡೀ ಮನೆಗೆ ಅದು ಒರಟು ಅಂದಾಜು ಕೊಡಬಹುದು, ಒಂದೊಂದು ಕೋಣೆಗೆ ಹೊಂದುವುದಿಲ್ಲ. ಮೇಲಿನ ಕೋಣೆಯಲ್ಲಿ ಬಾಗಿಲು ಕಿಟಕಿ ಕಳೆದ ಮೇಲೂ ಒಟ್ಟು ವಿಸ್ತೀರ್ಣ ನೆಲದ ನಾಲ್ಕು ಪಟ್ಟು ದಾಟುತ್ತದೆ. ಅದೇ ಎತ್ತರದ 20 ಅಡಿ ಚೌಕದ ಹಾಲ್‌ನಲ್ಲಿ, ಏನನ್ನೂ ಕಳೆಯದಿದ್ದರೂ, ಮೂರೇ ಪಟ್ಟು. ಕೋಣೆಯ ಉದ್ದ ಅಗಲ ಎರಡೂ ಇಮ್ಮಡಿಯಾದರೆ ನೆಲ ನಾಲ್ಕು ಪಟ್ಟಾಗುತ್ತದೆ, ಗೋಡೆ ಎರಡೇ ಪಟ್ಟಾಗುತ್ತದೆ. ಹಾಗಾಗಿ ಚಿಕ್ಕ ಚಿಕ್ಕ ಕೋಣೆಗಳ ಮನೆ, ಅಷ್ಟೇ ವಿಸ್ತೀರ್ಣದ ದೊಡ್ಡ ಹಾಲ್‌ಗಿಂತ ಹೆಚ್ಚು ಬಣ್ಣ ಕುಡಿಯುತ್ತದೆ.

ಇನ್ನು ಲೀಟರಿನ ಲೆಕ್ಕ. ಒಂದು ಲೀಟರ್ ದ್ರವವನ್ನು ಒಂದು ಚದರ ಮೀಟರ್ ಮೇಲೆ ಸಮನಾಗಿ ಹರಡಿದರೆ ಅದರ ದಪ್ಪ ಸರಿಯಾಗಿ ಒಂದು ಮಿಲಿಮೀಟರ್. ಹತ್ತು ಚದರ ಮೀಟರ್, ಅಂದರೆ ಸುಮಾರು 108 ಚದರ ಅಡಿಗೆ ಹರಡಿದರೆ 100 ಮೈಕ್ರಾನ್. ನಯವಾದ, ಪ್ರೈಮರ್ ಹೊಡೆದ ಗೋಡೆಗೆ ಒಳಾಂಗಣ ಎಮಲ್ಷನ್ ಒಂದು ಕೋಟ್‌ನಲ್ಲಿ ಹೆಚ್ಚುಕಡಿಮೆ ಇಷ್ಟೇ ದಪ್ಪಕ್ಕೆ ಕೂರುತ್ತದೆ. ಅದರಲ್ಲಿರುವ ನೀರು ಆರಿದ ಮೇಲೆ ಉಳಿಯುವುದು 30ರಿಂದ 40 ಮೈಕ್ರಾನ್ ಮಾತ್ರ, ಅಂದರೆ ತಲೆಗೂದಲಿಗಿಂತ ತೆಳ್ಳಗಿನ ಪದರ. ಗೋಡೆಯ ಹಳೆಯ ಕಲೆಯನ್ನೆಲ್ಲ ಮುಚ್ಚಬೇಕಾದದ್ದು ಇದೇ.

ಇಷ್ಟು ತೆಳುವಾದ ಪದರ ಗೋಡೆಯನ್ನು ಮರೆಮಾಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯಿಂದ. ಅದರ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಬಲದ ಅಳತೆ, ಸುಮಾರು 2.7, ಅದನ್ನು ಹಿಡಿದಿಡುವ ಅಂಟಿನದ್ದು ಸುಮಾರು 1.5. ಈ ವ್ಯತ್ಯಾಸ ದೊಡ್ಡದಿರುವುದರಿಂದ ಬೆಳಕು ಕಣಕಣಕ್ಕೂ ದಿಕ್ಕು ಬದಲಿಸಿ, ಹಿಂದಿನ ಗೋಡೆಯನ್ನು ತಲುಪದೆ ಹಿಂತಿರುಗುತ್ತದೆ. ಸುಣ್ಣ ಬಳಿದಾಗ ಒದ್ದೆ ಗೋಡೆ ಮಂಕಾಗಿ ಕಂಡು, ಒಣಗಿದಂತೆ ಬೆಳ್ಳಗಾಗುವುದಕ್ಕೂ ಕಾರಣ ಇದೇ. ಸುಣ್ಣದ ಕಣಕ್ಕೂ ನೀರಿಗೂ ವಕ್ರೀಭವನಾಂಕದ ಅಂತರ ಕಡಿಮೆ. ನೀರು ಹೋಗಿ ಆ ಜಾಗಕ್ಕೆ ಗಾಳಿ ಬಂದಾಗ ಅಂತರ ಹೆಚ್ಚಿ, ಬಿಳುಪು ಎದ್ದು ಬರುತ್ತದೆ.

ಬಣ್ಣಕ್ಕೆ ಮಿತಿಮೀರಿ ನೀರು ಸೇರಿಸಿದರೆ ಆಗುವ ಹಾನಿ ಈಗ ಸ್ಪಷ್ಟ. ಬಕೆಟ್ಟಿನಲ್ಲಿ ದ್ರವ ಹೆಚ್ಚಾಯಿತು, ಆದರೆ ಬೆಳಕನ್ನು ತಡೆಯುವ ಕಣವಾಗಲಿ ಹಿಡಿದಿಡುವ ಅಂಟಾಗಲಿ ಒಂದಿಷ್ಟೂ ಹೆಚ್ಚಲಿಲ್ಲ. ಹೆಚ್ಚು ಗೋಡೆಗೆ ಹರಡಿದಷ್ಟೂ ಒಣಗಿದ ಪದರ ತೆಳುವಾಗುತ್ತದೆ, ಮೂರನೆಯ ಕೋಟ್ ಬೇಕಾಗುತ್ತದೆ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸುವುದು ಉಳಿತಾಯದ ದಾರಿ.

ಬಣ್ಣದ ಆಯ್ಕೆಯೂ ಲೆಕ್ಕವನ್ನು ಬದಲಿಸುತ್ತದೆ. ತಿಳಿ ಬಣ್ಣಗಳಲ್ಲಿ ಬಿಳಿ ಪುಡಿ ಧಾರಾಳವಾಗಿರುತ್ತದೆ. ಕಡು ಬಣ್ಣಗಳ ಬೇಸ್‌ನಲ್ಲಿ ಅದನ್ನು ಕಡಿಮೆ ಮಾಡಿರುತ್ತಾರೆ, ಇಲ್ಲದಿದ್ದರೆ ಕೆಂಪು ಗುಲಾಬಿಯಾಗಿಬಿಡುತ್ತದೆ. ಕಪ್ಪು, ಕಡುಬೂದು ಬೆಳಕನ್ನು ಹೀರಿಕೊಂಡೇ ಗೋಡೆಯನ್ನು ಮುಚ್ಚುತ್ತವೆ. ಉಜ್ವಲ ಹಳದಿ, ಕೆಂಪುಗಳಿಗೆ ಆ ಬಲವೂ ಕಡಿಮೆ. ಅವುಗಳಿಗೆ ಇನ್ನೊಂದು ಕೋಟ್ ಎಣಿಸಿಯೇ ಹೊರಡಬೇಕು.

ಗೋಡೆಯ ಮೈ ಕೂಡ ಮುಖ್ಯ. ಮರಳು ಎದ್ದ ಗಾರೆ ಗೋಡೆಯ ಉಬ್ಬುತಗ್ಗುಗಳನ್ನು ಟೇಪು ಅಳೆಯುವುದಿಲ್ಲ, ಬಣ್ಣ ಅಳೆಯುತ್ತದೆ. ಪ್ರೈಮರ್ ಇಲ್ಲದ ಪುಟ್ಟಿ ಬಣ್ಣವನ್ನು ಹೀರುತ್ತದೆ. ಪ್ರೈಮರಿನ ಖರ್ಚು ಉಳಿಸಲು ಹೋದರೆ ಅದಕ್ಕಿಂತ ದುಬಾರಿಯಾದ ಬಣ್ಣ ಆ ಕೆಲಸ ಮಾಡಬೇಕಾಗುತ್ತದೆ.

ಲೀಟರಿಗೆ 108 ಚದರ ಅಡಿ ಎಂಬುದನ್ನು 110 ಎಂದು ದುಂಡಾಗಿಸಿ, ನಮ್ಮ ಕೋಣೆಯ 758 ಚದರ ಅಡಿಯನ್ನು ಅದರಿಂದ ಭಾಗಿಸಿದರೆ ಸುಮಾರು 7 ಲೀಟರ್. ನಿಮ್ಮ ಗೋಡೆಗೆ ಈ 110 ಹೊಂದುತ್ತದೆಯೇ ಎಂದು ಅದೇ ಬಣ್ಣದ ಒಂದು ಲೀಟರ್ ಡಬ್ಬಿ ತಂದು ಪರೀಕ್ಷಿಸಿ. ಪ್ರೈಮರ್ ಒಣಗಿದ ಗೋಡೆಗೆ ಒಂದು ಕೋಟ್ ಹೊಡೆಸಿ, ಡಬ್ಬಿ ಬರಿದಾದಾಗ ಎಷ್ಟು ದೂರ ಬಂದಿದೆ ಎಂದು ಅಳೆಯಿರಿ. ಬಂದದ್ದು 90 ಚದರ ಅಡಿಯಾದರೆ ಒಟ್ಟು ಬೇಡಿಕೆ ಎಂಟೂವರೆ ಲೀಟರಿನ ಹತ್ತಿರ ಹೋಗುತ್ತದೆ. ಡಬ್ಬಿಯ ಮೇಲಿನ ಅಂಕಿಗೆ ಇದನ್ನು ಹೋಲಿಸುವಾಗ, ಅದು ಒಂದು ಕೋಟ್‌ನದೋ ಎರಡು ಕೋಟ್‌ನದೋ ಎಂದು ಓದಿಕೊಳ್ಳಿ. ಮೀಸಲು ಹತ್ತರಲ್ಲೊಂದು ಪಾಲು ಸಾಕು. ಉಳಿದ ಬಣ್ಣವನ್ನೆಲ್ಲ ಒಂದೇ ಸಲಕ್ಕೆ ಮಿಕ್ಸ್ ಮಾಡಿಸಿ, ಒಂದೇ ದೊಡ್ಡ ಬಕೆಟ್ಟಿನಲ್ಲಿ ಕಲಸಿಕೊಂಡರೆ ಗೋಡೆಯಿಂದ ಗೋಡೆಗೆ ಛಾಯೆ ಬದಲಾಗುವುದಿಲ್ಲ, ಹೊರಚೆಲ್ಲುವಷ್ಟು ಬಣ್ಣವೂ ಮಿಗುವುದಿಲ್ಲ.